ಇಪ್ಪತ್ತೆರಡು ಹಲ್ಲಿನ ದೌಲತರಾಯರು

ಬೆಳಗಿನ ನಾಲ್ಕೂವರೆಗೆ ದೌಲತರಾಯರು ಆಳಂದದ ತಮ್ಮ ಮನೆಯಂಗಳದಿಂದ ಸೈಕಲ್ ಹೊರಗೆ ತಂದು, ಜೇವರ್ಗಿಗೆ ಹೋಗಲು ಹತ್ತಿದರು. ೧೯೮೬ರ ಜೂನ್ ತಿಂಗಳ ಕೊನೆಯ ರವಿವಾರ. ಆಳಂದದಿಂದ ಗುಲಬರ್ಗಾ ನಲವತ್ತು ಕಿಲೋಮೀಟರಿಗೆ ತುಸು ಹೆಚ್ಚು, ಅಲ್ಲಿಂದ ಜೇವರ್ಗಿ ಹೆಚ್ಚುಕಡಿಮೆ ಮತ್ತೆ ಅಷ್ಟೇ. ಬಸ್ಸು ಇತ್ತು. ಹೆಂಡತಿ ಸುಭದ್ರಾಬಾಯಿ ಅದೇ ಬಸ್ಸಿಗೆ ಹೊರಡುವವರಿದ್ದರು.

ಬಸ್ಸು ಇದ್ದೂ ಐವತ್ತೊಂದು ವರ್ಷದ ಗುಮಾಸ್ತರೊಬ್ಬರು ಸೈಕಲ್ ಯಾಕೆ ಹತ್ತಿದರು ಎಂಬುದಕ್ಕೆ ಓಣಿಯಲ್ಲಿ ಮೂರು ಕಾರಣಗಳು ಚಾಲ್ತಿಯಲ್ಲಿದ್ದವು. ಬೀಗರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಎಂಬುದು ಒಂದು. ದಾರಿಯಲ್ಲಿ ಕಡಗಂಚಿಯಲ್ಲಿ ಇಳಿದು ಇನ್ನೊಂದು ಸಂಸಾರ ನೋಡಿಕೊಂಡು ಹೋಗಲು ಎಂಬುದು ಎರಡನೆಯದು. ತಲೆ ಕೆಟ್ಟಿದೆ ಎಂಬುದು ಮೂರನೆಯದು. ಮೊದಲನೆಯದು ನಿಜ, ಎರಡನೆಯದು ಪೂರ್ತಿ ಸುಳ್ಳು. ಮೂರನೆಯದರ ಬಗ್ಗೆ ಓದುವವರೇ ತೀರ್ಮಾನಿಸಬೇಕು.

ದೌಲತರಾಯರು ತೊಗರಿ ಬಜಾರಿನಲ್ಲಿ ದಲಾಲಿ ಮಾಡುವ ಅಡತ್ ಅಂಗಡಿಯೊಂದರಲ್ಲಿ ಗುಮಾಸ್ತರು. ವಾರವೆಲ್ಲ ಗಾದಿಯ ಮೇಲೆ ಕಾಲು ಮಡಚಿ ಕೂತು, ರವಿವಾರ ಅಂಗಡಿ ಮುಚ್ಚಿದೊಡನೆ ಆ ಕಾಲುಗಳನ್ನು ಬಿಡಿಸಲು ಸೈಕಲ್ ಹತ್ತುವುದು ಅವರ ರೂಢಿ. ದೂರಗಳಿಗೆ ಅವರು ತಮ್ಮದೇ ಹೆಸರಿಟ್ಟಿದ್ದರು. ಊರ ಹೊರಗಿನ ಕೆರೆಯ ತನಕ ಹೋಗಿ ಬಂದರೆ ಅದು ಹಸಿವಿನ ದೂರ. ಕಡಗಂಚಿಗೆ ಹೋಗಿ ಬಂದರೆ ಚಹಾದ ದೂರ. ಗುಲಬರ್ಗಾ ಊಟದ ದೂರ. ಅದರಾಚೆಗಿನ ದೂರಕ್ಕೆ ಹೆಸರಿರಲಿಲ್ಲ, ಏಕೆಂದರೆ ಅವರು ಸೈಕಲ್ ಮೇಲೆ ಅದರಾಚೆಗೆ ಹೋಗಿರಲಿಲ್ಲ.

ಊರಿಗೆ ಅರ್ಥವಾಗದೆ ಉಳಿದದ್ದು ಕಡಗಂಚಿ. ಹೊಲ ಅಲ್ಲಿಲ್ಲ, ಸಾಲಗಾರರು ಅಲ್ಲಿಲ್ಲ, ಬಂಧುಗಳು ಅಲ್ಲಿಲ್ಲ. ಬರುವಾಗ ಕೈಯಲ್ಲಿ ಒಂದು ಬದನೆಕಾಯಿಯೂ ಇರುತ್ತಿರಲಿಲ್ಲ. "ಯಾಕ ಹೋಗಿದ್ರಿ ರಾಯರ?" ಎಂದು ಕೇಳಿದರೆ "ಸುಮ್ನೆ" ಎನ್ನುತ್ತಿದ್ದರು. ಹೆಂಡತಿ ಮಕ್ಕಳಿರುವ ಗಂಡಸು ಇಷ್ಟು ದೂರ ಸುಮ್ಮನೆ ಹೋಗುತ್ತಾನೆಂದು ಆಳಂದದಲ್ಲಿ ಯಾರೂ ನಂಬಲಿಲ್ಲ. ಆದರೂ ಒಂದು ಪುರಾವೆ ಸಿಗುವವರೆಗೆ ಓಣಿ ತಾಳ್ಮೆಯಿಂದಿತ್ತು.

ಪುರಾವೆ ಸಿಕ್ಕಿದ್ದು ಬೀಗರಿಂದಾಗಿ. ಮಗಳು ಕಸ್ತೂರಿಬಾಯಿಯನ್ನು ಜೇವರ್ಗಿಯ ಮಲ್ಲಣ್ಣನವರ ಮನೆಗೆ ಕೊಟ್ಟಿದ್ದರು. ಈಗ ಅವಳು ಬಸುರಿ, ಹಸಿರು ರವಿಕೆ ತೊಡಿಸಿ ಆರತಿ ಮಾಡುವ ಕುಬಸದ ದಿನ ಗೊತ್ತು ಮಾಡಬೇಕಿತ್ತು. ಆಷಾಢ ಬಂದರೆ ಶುಭಕಾರ್ಯವಿಲ್ಲ, ಆದ್ದರಿಂದ ಜೂನ್ ದಾಟುವಂತಿರಲಿಲ್ಲ. ಮೇ ತಿಂಗಳಲ್ಲಿ ಅದನ್ನು ಮಾತಾಡಲು ಮಲ್ಲಣ್ಣನವರು ಹೊಸ ಫಟಫಟಿಯ ಮೇಲೆ ಆಳಂದಕ್ಕೆ ಬಂದರು. ಚಹಾ ಕುಡಿದು, ದಿನ ಗೊತ್ತು ಮಾಡಿ, ಹೊರಡುವಾಗ ಅಂಗಳದಲ್ಲಿ ಒರಗಿಸಿದ್ದ ಸೈಕಲ್ ಮೇಲೆ ಅವರ ಕಣ್ಣು ಬಿತ್ತು.

"ಬೀಗರ, ಇದು ಇನ್ನೂ ಓಡ್ತದೇನ್ರಿ?"

"ಓಡ್ತದ್ರಿ. ಐತವಾರಕ್ಕೊಮ್ಮೆ ಕಡಗಂಚಿಗೆ ಹೋಗಿ ಬರ್ತೇನಿ."

"ಕಡಗಂಚ್ಯಾಗ ಏನ್ ಕೆಲಸ್ರಿ?"

"ಕೆಲಸ ಏನೂ ಇಲ್ರಿ. ಸುಮ್ನೆ."

ಮಲ್ಲಣ್ಣನವರು ನಕ್ಕರು. ಆಮೇಲೆ ಮರುಕಪಟ್ಟರು. ನಗುವನ್ನು ದೌಲತರಾಯರು ಸಹಿಸಿದ್ದರು. "ನಂದು ಹಳೇ ಮೊಪೆಡ್ ಮನ್ಯಾಗ ಧೂಳ ತಿನ್ನಾಕತ್ತದ. ಒಯ್ದುಬಿಡ್ರಿ. ಈ ವಯಸ್ಸಿನ್ಯಾಗ ತುಳಿಯೂದು ಚಂದ ಕಾಣಸಂಗಿಲ್ಲ. ರೊಕ್ಕದ ಮಾತು ತೆಗೀಬ್ಯಾಡ್ರಿ, ನೀವೇನು ಬ್ಯಾರೆಯವರಾ?"

ಓಣಿಯ ನಾಲ್ಕಾರು ಜನ ಕೇಳುತ್ತಿದ್ದರು. ಹೆಣ್ಣು ಕೊಟ್ಟವರು ಬೀಗರ ಮನೆಗೆ ಕೊಡುವವರು, ಅಲ್ಲಿಂದ ತರುವವರಲ್ಲ. ಮಗಳ ಮನೆಯ ಮೊಪೆಡ್ ಹತ್ತಿ ಆಳಂದದ ಬಜಾರದಲ್ಲಿ ಹಾಯುವುದೆಂದರೆ, ಮಗಳನ್ನು ಕೊಟ್ಟು ಗಾಡಿ ತಂದ ಎಂದು ಬೆನ್ನಿಗೆ ಬೋರ್ಡು ಹಾಕಿಕೊಂಡಂತೆ. ದೌಲತರಾಯರಿಗೆ ಸಿಟ್ಟು ಬಂದಾಗ ಸಂಖ್ಯೆಗಳು ನೆನಪಿಗೆ ಬರುತ್ತಿರಲಿಲ್ಲ. ಅಂದೂ ಬರಲಿಲ್ಲ.

"ಮೊಪೆಡ್ ನೀವೇ ಇಟ್ಕೋರಿ. ಕುಬಸದ ದಿನ ನಾ ಇದೇ ಸೈಕಲ್ ಮ್ಯಾಲ ಜೇವರ್ಗಿಗೆ ಬರ್ತೇನಿ."

"ಜೇವರ್ಗಿಗಾ?" ಮಲ್ಲಣ್ಣನವರು ಫಟಫಟಿಯ ಕಿಕ್ ಮೇಲಿಟ್ಟ ಕಾಲು ಇಳಿಸಿದರು. "ಹಂಗಾದ್ರ ಕೇಳ್ರಿ ಬೀಗರ. ಊಟಕ್ಕ ತಾಟು ಹಾಕೂದರೊಳಗ ನೀವು ಬಂದ್ರ, ಇನ್ನ ಸಾಯೂತನಕಾ ನಾ ಮೊಪೆಡ್ ಅನ್ನೋ ಶಬ್ದ ನಿಮ್ಮ ಮುಂದ ತೆಗಿಯಂಗಿಲ್ಲ. ಬರಲಿಲ್ಲಂದ್ರ, ಅದನ್ನ ಹತ್ತೇ ಆಳಂದಕ್ಕ ಹೋಗ್ಬೇಕು. ಹೌದಿಲ್ರಿ?"

"ಹೌದ್ರಿ."

ಫಟಫಟಿಯ ಹೊಗೆ ಕರಗಿದ ಮೇಲೆ ದೌಲತರಾಯರಿಗೆ ಸಂಖ್ಯೆಗಳು ನೆನಪಾದವು. ಅವರು ನೆಟ್ಟಗೆ ಮೌಲಾಲಿಯ ಸೈಕಲ್ ಅಂಗಡಿಗೆ ನಡೆದರು.

ಮೌಲಾಲಿ ಮಾತಿನಲ್ಲಿ ಗಟ್ಟಿಗ. ಪಂಕ್ಚರ್ ತೆಗೆಯುವಾಗಲೂ ಹೃದಯದ ಆಪರೇಶನ್ ಮಾಡಿದವನಂತೆ ನಿಟ್ಟುಸಿರು ಬಿಡುವವನು. ಅವನ ಬಳಿ ಸೈಕಲ್ಲಿನ ಹಿಂದಿನ ಗಾಲಿಗೆ ಹಾಕುವ ಹಲ್ಲಿನ ಚಕ್ರವೊಂದು ವರ್ಷದಿಂದ ಮೊಳೆಗೆ ಜೋತುಬಿದ್ದಿತ್ತು. ಎಲ್ಲರ ಸೈಕಲ್ಲಿಗೆ ಹದಿನೆಂಟು ಹಲ್ಲಿನದಿದ್ದರೆ ಇದು ಇಪ್ಪತ್ತೆರಡರದು. ಸೀಮೆಎಣ್ಣೆಯ ಡಬ್ಬಿ ಹೇರುವವನೊಬ್ಬ ತರಿಸಿ, ಆಮೇಲೆ ಎತ್ತಿನ ಬಂಡಿ ಮಾಡಿಕೊಂಡು ಇದನ್ನು ಇಲ್ಲೇ ಬಿಟ್ಟಿದ್ದ. ಈ ಸಂಗತಿಯನ್ನು ಮೌಲಾಲಿ ಹೇಳಲಿಲ್ಲ.

ಇಲ್ಲಿ ಜಾಗದ ವಿವರ ಅಗತ್ಯ. ಅಂಗಡಿಯ ತಗಡಿನ ಗೋಡೆಯ ಆಚೆ ಬದಿಗೆ, ಬೇವಿನ ನೆರಳಲ್ಲಿ, ಆ ವಾರ ಸೋಲಾಪುರ ಕಡೆಯ ಹಲ್ಲು ಕಟ್ಟುವವನೊಬ್ಬ ಚಾಪೆ ಹಾಸಿದ್ದ. ಚಾಪೆಯ ಮೇಲೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ನಗುವ ದವಡೆಗಳು. ಅವನು ಊಟಕ್ಕೆ ಹೋಗಿದ್ದಾಗ ಬಳೆಗಾರ್ತಿ ಖಾಸೀಂಬಿ ಬುಟ್ಟಿ ಇಳಿಸಿ ಆ ನೆರಳಲ್ಲಿ ಕೂತಿದ್ದಳು. ಅವಳಿಗೆ ತಗಡಿನ ಆಚೆಯಿಂದ ಕೇಳಿದ್ದು ಇಷ್ಟು:

"ಹಳೇ ಹಲ್ಲು ಪೂರಾ ಸವದಾವ ಮೌಲಾಲಿ. ಬೀಗರ ಮುಂದ ಮರ್ಯಾದಿ ಪ್ರಶ್ನಿ ಅದ."

"ಕಿತ್ತಿ ಒಗೀಮ್ರಿ ರಾಯರ. ಹದಿನೆಂಟು ಇಟ್ಕೊಂಡು ಏನ್ ಮಾಡ್ತೀರಿ? ಇಪ್ಪತ್ತೆರಡು ಕೂಡಸ್ತೇನಿ."

"ನಾಕು ಹೆಚ್ಚಿಗಿ ಆದ್ರ ಚಲೋನೇ ಅಲ್ಲೇನು? ಹಲ್ಲು ಹೆಚ್ಚಿದ್ದಷ್ಟು ಕಚ್ಚೂದು ಹೆಚ್ಚು."

"ಬರೋಬ್ಬರಿ! ಎಂಥಾ ಏರಿದ್ರೂ ಕಚ್ಚಿ ಹಿಡೀತಾವ. ವಾರಕ್ಕೊಮ್ಮೆ ಸೀಮಿಎಣ್ಣಿ ಹಚ್ಚಿ ಬ್ರಶ್ಶಿಲೆ ತಿಕ್ಕರಿ. ಗ್ರೀಸ್ ನಾ ತುಂಬಿ ಕೊಡ್ತೇನಿ."

"ಕಡಗಂಚಿಗೆ ಹೋಗಿ ಒಮ್ಮೆ ನೋಡಿಬರ್ತೇನಿ."

ಖಾಸೀಂಬಿ ಬುಟ್ಟಿ ಹೊತ್ತಳು. ಅಂದು ಅವಳು ಬಳೆ ತೊಡಿಸಿದ ಮನೆಗಳಲ್ಲೆಲ್ಲ ಸುದ್ದಿಯನ್ನೂ ತೊಡಿಸಿದಳು. ದೌಲತರಾಯರ ಬಾಯಲ್ಲಿ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಐದಾರು ವರ್ಷದಿಂದ ಇರಲಿಲ್ಲ. ಆಗ ಕಟ್ಟಿಸದವರು ಈಗ ಕಟ್ಟಿಸುವುದೆಂದರೆ? ಅದೂ ಕಡಗಂಚಿಗೆ ಹೋಗಿ ನೋಡಿಬರಲು? ಸಂಜೆಯ ಹೊತ್ತಿಗೆ ಓಣಿಯ ಗಣಿತ ಮುಗಿದಿತ್ತು.

"ಆದ್ರ ಬಾಯಾಗ ಕಾಣಸಂಗಿಲ್ಲಲ್ಲಬೇ?" ಎಂದು ಒಬ್ಬಾಕೆ ತಕರಾರು ತೆಗೆದಳು.

"ಊರಾಗ ಯಾಕ ಹಾಕ್ಕೋತಾರ?" ಎಂದಳು ಖಾಸೀಂಬಿ. "ಕಿಸೇದಾಗ ಇರ್ತಾವ. ಕಡಗಂಚಿ ಬಂತಂದ್ರ ಹಾಕ್ಕೋತಾರ."

ಅದರ ಮರುರವಿವಾರ ದೌಲತರಾಯರು ಹೊಸ ಹಲ್ಲಿನೊಂದಿಗೆ ಕಡಗಂಚಿಗೆ ಹೊರಟರು. ಅವರ ನಿರೀಕ್ಷೆ, ಸೈಕಲ್ ಬಾಣದಂತೆ ಹೋಗಬೇಕು. ಆದದ್ದೇ ಬೇರೆ. ಮುಂದಿನ ಚಕ್ರಕ್ಕೆ ನಲವತ್ನಾಲ್ಕು ಹಲ್ಲು. ಹಿಂದೆ ಹದಿನೆಂಟಿದ್ದಾಗ ಒಂದು ಸುತ್ತು ತುಳಿದರೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತಿತ್ತು. ಇಪ್ಪತ್ತೆರಡಾದ ಮೇಲೆ ಎರಡೇ ಸುತ್ತು. ಕಾಲಿಗೆ ಹಗುರ, ದಾರಿಗೆ ನಿಧಾನ. ಹಿಂದಿನ ಹಲ್ಲು ಹೆಚ್ಚಿದಷ್ಟೂ ವೇಗ ಕಡಿಮೆ ಎಂಬ ಈ ಸಾದಾ ಭಾಗಾಕಾರವನ್ನು, ದಿನವಿಡೀ ಭಾಗಾಕಾರ ಮಾಡುವ ಗುಮಾಸ್ತರೇ ಮಾಡಿ ನೋಡಿರಲಿಲ್ಲ. ಅವರ ಕಾಲುಗಳು ಹೊಲಿಗೆ ಮಶಿನ್ನಿನಂತೆ ಓಡುತ್ತಿದ್ದವು, ಸೈಕಲ್ ಮೆರವಣಿಗೆಯಂತೆ ಸಾಗುತ್ತಿತ್ತು. ಊರ ಹೊರಗಿನ ಏರಿನಲ್ಲಿ ಪಕ್ಕದಲ್ಲಿ ಯಾರೋ ಬರುತ್ತಿರುವಂತೆ ಅನಿಸಿ ತಿರುಗಿದರೆ, ಬುಟ್ಟಿ ಹೊತ್ತ ಖಾಸೀಂಬಿ ನಡೆದೇ ಸರಿಸಮ ಬರುತ್ತಿದ್ದಾಳೆ.

"ಕಡಗಂಚಿಗೇನ್ರಿ ರಾಯರ?"

"ಹೌದು."

"ಹೊಸಾವು ತಗೊಂಡೇ?"

ಊರಿನ ಬಳೆಗಾರ್ತಿಗೂ ತಮ್ಮ ಸೈಕಲ್ಲಿನ ಕಾಳಜಿ ಇದೆಯೆಂದು ದೌಲತರಾಯರಿಗೆ ಹೆಮ್ಮೆಯಾಯಿತು. "ಅವಿಲ್ದೆ ಹೆಂಗ? ಇನ್ನ ಅವೇ ಕಾಯಂ."

"ನೋವು ಆಗ್ತದೇನ್ರಿ?"

"ಮೊದಮೊದಲು ತೊಡಿ ನೋಯ್ತಾವ."

"ತೊಡಿ?" ಖಾಸೀಂಬಿ ನಿಂತುಬಿಟ್ಟಳು. "ಯಾ ಅಲ್ಲಾ!"

ಸುದ್ದಿ ಮನೆಗೆ ಬಂದದ್ದು ಕಡೆಗೆ. ಕುಬಸಕ್ಕೆ ಹಸಿರು ಬಳೆ ತೋರಿಸಲು ಬಂದಾಗ ಖಾಸೀಂಬಿ ಸುಭದ್ರಾಬಾಯಿಯ ಕೈ ಹಿಡಿದು ಕಣ್ಣೀರು ಹಾಕಿದಳು, ಬಳೆಗೆ ಬೆಲೆ ಕಡಿಮೆ ಹೇಳಿದಳು. ಬೆಲೆ ಇಳಿದದ್ದು ನೋಡಿಯೇ ಸುಭದ್ರಾಬಾಯಿಗೆ ವಿಷಯ ಗಂಭೀರವೆಂದು ತಿಳಿಯಿತು. ರಾತ್ರಿ ಊಟಕ್ಕೆ ಕೂತ ಗಂಡನನ್ನು ಅವರು ತಣ್ಣಗೆ ವಿಚಾರಿಸಿದರು.

"ಹಲ್ಲು ಎಷ್ಟಂತ್ರಿ?"

"ಇಪ್ಪತ್ತೆರಡು!" ದೌಲತರಾಯರ ಮುಖ ಅರಳಿತು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಸುಭದ್ರಾಬಾಯಿ ಸೈಕಲ್ ಬಗ್ಗೆ ಕೇಳಿದ್ದು ಇದೇ ಮೊದಲು. "ನಿನಗ ಯಾರು ಹೇಳಿದ್ರು?"

"ಊರೆಲ್ಲಾ ಹೇಳಾಕತ್ತದ. ಮನ್ಯಾಗ ಅವು ಬ್ಯಾಡೇನು?"

"ಮನ್ಯಾಗ ಏನ್ ಮಾಡಾವು? ಕಡಗಂಚಿ ದಾರ್ಯಾಗ ಬೇಕಾಗ್ತಾವ."

"ಇಷ್ಟು ವರ್ಷ ಹಳೇವೇ ನಡೀತಿದ್ದುವಲ್ಲ."

"ನಡೀತಿದ್ದು. ಆದ್ರ ಈಗ ದಮ್ ಬೇಕಲ್ಲ. ವಯಸ್ಸಾತು ಅಂತ ಮಂದಿ ನಗಬಾರ್ದು."

ಸುಭದ್ರಾಬಾಯಿ ಎದ್ದು ಒಳಗೆ ಹೋದರು. ಮರುದಿನದಿಂದ ದೌಲತರಾಯರ ತಾಟಿಗೆ ಮೆತ್ತಗಿನ ರೊಟ್ಟಿ ಬೀಳುವುದು ನಿಂತಿತು. ತಿಂಗಳ ಹಿಂದೆ ತಟ್ಟಿ ಒಣಗಿಸಿಟ್ಟ ಖಡಕ್ ರೊಟ್ಟಿ, ಅದರಲ್ಲೂ ಅಂಚಿನ ತುಂಡುಗಳೇ ಬಂದವು. ಇಪ್ಪತ್ತೆರಡು ಹೊಸ ಹಲ್ಲಿದ್ದವರು ಕಡಿಯಲಿ ಎಂಬುದು ಅವರ ನಿಲುವು. ಮುಂದೆ ಎರಡು ಹಲ್ಲಿಲ್ಲದ ದೌಲತರಾಯರು ಅದನ್ನು ಬೇಳೆಯಲ್ಲಿ ನೆನೆಸಿ, ದವಡೆಹಲ್ಲಿನಲ್ಲಿ ಒತ್ತಿ, ಶೇಂಗಾ ಹಿಂಡಿ ಹಚ್ಚಿ ನುಂಗಿದರು. ದೂರ ತುಳಿಯುವವನಿಗೆ ಗಟ್ಟಿ ಆಹಾರ ಬೇಕೆಂದು ಹೆಂಡತಿ ಇಷ್ಟು ಕಾಳಜಿ ಮಾಡುತ್ತಿರುವುದನ್ನು ಅಂಗಡಿಯಲ್ಲಿ ಎರಡು ಸಲ ಹೇಳಿಕೊಂಡರು. ಕೇಳಿದವರು ಕೆಮ್ಮಿದರು.

ಕುಬಸದ ಹಿಂದಿನ ದಿನ ಅಫಜಲಪುರ ತಾಲೂಕಿನ ಗೊಬ್ಬೂರಿನಿಂದ ಸುಭದ್ರಾಬಾಯಿಯ ತಮ್ಮ ಹಣಮಂತ್ರಾಯ ಬಂದಿಳಿದ. ಇವನು ಕುಸ್ತಿಯವನು. ಗೊಬ್ಬೂರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಕಡಗಂಚಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಯಾಗಿತ್ತು, ಅಂಗಳದಲ್ಲಿ ಒಂದು ಎಮ್ಮೆಯೂ ಬಂದಿತ್ತು. ಅಕ್ಕ ತಮ್ಮ ಅಡುಗೆಮನೆಯಲ್ಲಿ ಬಹಳ ಹೊತ್ತು ಪಿಸುಗುಟ್ಟಿದರು. ಹೊರಗೆ ಬಂದವನೇ ಹಣಮಂತ್ರಾಯ ಭಾವನ ಮುಂದೆ ನಿಂತ.

"ಭಾವಾ, ನಾನೂ ಬರ್ತೇನಿ. ಸೈಕಲ್ ಮ್ಯಾಲ."

"ನೀನಾ? ಚಲೋ ಆತು ಬಿಡು, ಜತಿ ಆಗ್ತದ."

"ಕಡಗಂಚ್ಯಾಗ ನಿಂದರ್ತೀರಿ ಅಲ್ರಿ?"

"ನಿಂದರ್ಲೇಬೇಕಲ್ಲ. ಐತವಾರಕ್ಕೊಮ್ಮೆ ನಿಂದರೂ ಜಾಗಾ."

ಹಣಮಂತ್ರಾಯ ಅಕ್ಕನ ಕಡೆ ನೋಡಿದ. ನಂತರ ಮೌಲಾಲಿಯ ಅಂಗಡಿಯಿಂದ ಹದಿನೆಂಟು ಹಲ್ಲಿನ ಸೈಕಲ್ಲೊಂದನ್ನು ಬಾಡಿಗೆಗೆ ತಂದ.

ಬೆಳಿಗ್ಗೆ ಹೊರಡುವಾಗ ಸುಭದ್ರಾಬಾಯಿ ಲಾಟೀನು ಹಿಡಿದು ಹೊರಗೆ ಬಂದರು. ಗಂಡನೊಂದಿಗೆ ಅವರು ನಾಲ್ಕು ದಿನದಿಂದ ಮಾತಾಡಿರಲಿಲ್ಲ. ಹಸಿರು ಸೀರೆ, ಬಳೆ, ಐದು ಬಗೆಯ ಉಂಡಿ ಎಲ್ಲ ಅವರೇ ಬಸ್ಸಿಗೆ ಒಯ್ಯುವವರು. ಆದರೆ ಮಗಳಿಗೆ ತೊಡಿಸಬೇಕಾದ ಹಸಿರು ಖಣದ ಕುಬಸವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಕಟ್ಟಿದರು.

"ಇದು ನನ್ ಹತ್ರ ಯಾಕ?" ಎಂದರು ದೌಲತರಾಯರು.

"ಇರ್ಲಿ. ದಾರ್ಯಾಗ ಎಲ್ಲೂ ಬಿಚ್ಚಬ್ಯಾಡ್ರಿ."

ಅಷ್ಟೇ. ಇಬ್ಬರೂ ಸೈಕಲ್ ಹತ್ತಿದರು.

ಕಡಗಂಚಿ ಬರುವಾಗ ಬೆಳಕು ಹರಿದಿತ್ತು. ಹಣಮಂತ್ರಾಯ ಇಪ್ಪತ್ತು ಸಲ ಮುಂದೆ ಹೋಗಿ ಇಪ್ಪತ್ತು ಸಲ ನಿಂತು ಕಾದಿದ್ದ. ಖಾದರಸಾಬರ ಚಹಾದ ಅಂಗಡಿಯ ಮುಂದೆ ದೌಲತರಾಯರು ಇಳಿದರು. ಚಹಾ ಕುಡಿದರು. ಬಸಿಯಲ್ಲಿ ಉಳಿದದ್ದನ್ನೂ ಕುಡಿದರು. ಹಣಮಂತ್ರಾಯ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಯಾವ ಬಾಗಿಲೂ ತೆರೆಯಲಿಲ್ಲ. ಎಲ್ಲೂ ಎಮ್ಮೆ ಕೂಗಲಿಲ್ಲ. ಭಾವ ಅಂಗಡಿಯ ಹಿಂದೆ ಕೈಕಾಲು ತೊಳೆಯಲು ಹೋದಾಗ ಅವನು ಖಾದರಸಾಬರ ಕಿವಿಗೆ ಬಾಯಿಟ್ಟ.

"ಇವರು ಇಲ್ಲಿ ಯಾರ ಮನಿಗಿ ಹೋಗ್ತಾರ್ರಿ ಸಾಬರ? ಖರೇ ಹೇಳ್ರಿ."

"ಯಾರ ಮನಿಗೂ ಇಲ್ರಿ. ಬರ್ತಾರ, ಒಂದ್ ಚಹಾ ಕುಡೀತಾರ, ಆ ಮೈಲುಗಲ್ಲು ನೋಡ್ತಾರ, ಹೊಳ್ಳಿ ಹೋಗ್ತಾರ. ನಾನೂ ಭಾಳ ದಿನದಿಂದ ನೋಡಾಕತ್ತೇನಿ. ಏನೋ ಇರಬೇಕು ಅಂತ ನಂಗೂ ಸಂಶಯ ಅದ."

ಹಣಮಂತ್ರಾಯನ ಸಂಶಯ ಹೋಗಲಿಲ್ಲ, ಊರು ಬದಲಾಯಿತಷ್ಟೇ. ಬಹುಶಃ ಗುಲಬರ್ಗಾ ಇರಬೇಕೆಂದುಕೊಂಡ. ಗುಲಬರ್ಗಾದಲ್ಲಿ ಅವರನ್ನು ನಿಲ್ಲಿಸಿದವನು ಪೊಲೀಸು ಮಾತ್ರ. ಪೈಲ್ವಾನನಂತಹ ಯುವಕನೊಬ್ಬ ಮುದುಕನ ಬೆನ್ನು ಬಿಡದೆ ಬರುತ್ತಿರುವುದು ಚೌಕಿನ ಕಾನ್‌ಸ್ಟೇಬಲ್ಲಿಗೆ ಸರಿ ಕಾಣಲಿಲ್ಲ.

"ಎಲ್ಲಿಂದ?"

"ಆಳಂದದಿಂದ್ರಿ."

"ಎಲ್ಲಿಗೆ?"

"ಜೇವರ್ಗಿಗ್ರಿ."

"ಬಸ್ಸು ತಪ್ಪೇದೇನು?"

"ಇಲ್ರಿ. ಈಗ ಬರ್ತದ. ಮನ್ಯಾಕಿ ಅದರಾಗೇ ಬರ್ತಾಳ."

ಕಾನ್‌ಸ್ಟೇಬಲ್ ಕ್ಯಾರಿಯರಿನ ಗಂಟು ಮುಟ್ಟಿದ. "ಇದರಾಗೇನು?"

"ಕುಬಸ್ರಿ."

"ಯಾರ್ದು?"

"ಮಗಳದು."

ಕಾನ್‌ಸ್ಟೇಬಲ್ ಬಹಳ ಹೊತ್ತು ಇಬ್ಬರ ಮುಖವನ್ನೂ ನೋಡಿ, ಇಂಥದ್ದಕ್ಕೆ ಯಾವ ಕಲಮು ಹಚ್ಚಬೇಕೆಂದು ತಿಳಿಯದೆ ಬಿಟ್ಟು ಕಳಿಸಿದ.

ಗುಲಬರ್ಗಾ ದಾಟಿದ ಮೇಲೆ ರಸ್ತೆ ತೆಂಕಣಕ್ಕೆ ಇಳಿಯುತ್ತದೆ, ಜೂನಿನ ಗಾಳಿ ಎದುರಿಗೆ ಬರುತ್ತದೆ. ಎರಡು ಬದಿಗೂ ಬಿತ್ತಲು ಹದ ಮಾಡಿದ ಕರಿ ಹೊಲಗಳು, ಗಾಳಿಯನ್ನು ತಡೆಯಲು ಒಂದು ಗುಡ್ಡವಿಲ್ಲ. ದೌಲತರಾಯರ ಟೊಪ್ಪಿಗೆ ಹಾರಿ ಹೊಲಕ್ಕೆ ಬಿತ್ತು. ತಂದು ಕಿಸೆಯಲ್ಲಿಟ್ಟುಕೊಂಡರು. ಹಣಮಂತ್ರಾಯ ಮೊದಲು ಎದೆಯುಬ್ಬಿಸಿ ತುಳಿದ. ನಂತರ ಸೀಟಿನಿಂದ ಎದ್ದು ನಿಂತು ತುಳಿದ. ಗಾಳಿ ಒಂದೇ ಸಮ ಬೀಸುತ್ತಿತ್ತು, ತೊಡೆ ಒಂದೇ ಸಮ ಉಳಿಯಲಿಲ್ಲ. ಫರಹತಾಬಾದ ಹತ್ತಿರ ಬರುವಷ್ಟರಲ್ಲಿ ಅವನು ಇಳಿದು ಸೈಕಲ್ ನೂಕುತ್ತಿದ್ದ. ಮೂರು ಅಖಾಡದಲ್ಲಿ ಬೆನ್ನು ಮಣ್ಣಿಗೆ ಹಚ್ಚದವನು ಅವನು.

ಹಿಂದಿನಿಂದ ಟಿಕ್ ಟಿಕ್ ಎಂಬ ಸಪ್ಪಳ ಬಂತು. ದೌಲತರಾಯರು. ಬೆನ್ನು ಬಾಗಿಸಿ, ಕಣ್ಣು ಕಿರಿದು ಮಾಡಿ, ಕಾಲುಗಳನ್ನು ಹೊಲಿಗೆ ಮಶಿನ್ನಿನಂತೆ ಓಡಿಸುತ್ತ, ಎತ್ತಿನ ಗಾಡಿಗಿಂತ ತುಸು ಜೋರಾಗಿ ಬಂದರು. ಬಂದು ದಾಟಿಯೇ ಹೋದರು. ಬೆಳಗಿನಿಂದ ಅವರ ವೇಗ ಬದಲಾಗಿರಲಿಲ್ಲ. ಹಗುರಾದ ಕಾಲಿಗೆ ಗಾಳಿಯ ಭಾರ ಅಷ್ಟಾಗಿ ತಿಳಿಯಲಿಲ್ಲ. ಸೀಮೆಎಣ್ಣೆ ಹೇರಲು ಮಾಡಿದ ಹಲ್ಲು ಗಾಳಿಯನ್ನೂ ಹೇರಿಕೊಂಡು ಹೋಗುತ್ತದೆಂಬುದು ಮೌಲಾಲಿಗೆ ತಿಳಿದಿರಲಿಲ್ಲ, ಕೊಂಡವರಿಗಂತೂ ತಿಳಿದಿರಲೇ ಇಲ್ಲ.

"ಭಾವಾ!" ಹಣಮಂತ್ರಾಯ ಕೂಗಿದ. "ನಿಂದರ್ರಿ! ನಿಮ್ಮದು ಹೆಂಗ ಹೊಂಟದ್ರಿ?"

ದೌಲತರಾಯರು ಒಂದು ಕಾಲು ಊರಿ ನಿಂತರು. ಇಂಥ ಪ್ರಶ್ನೆಗಾಗಿ ಅವರು ಒಂದು ತಿಂಗಳಿಂದ ಕಾದಿದ್ದರು.

"ಹಲ್ಲು, ಹಣಮಂತ. ಹೊಸಾ ಹಲ್ಲು."

"ಹಲ್ಲು ಕಟ್ಟಿಸಿದ್ರ ಸೈಕಲ್ ಯಾಕ ಓಡ್ತದ್ರಿ?"

"ಮತ್ತ್ಯಾತರ ಮ್ಯಾಲ ಓಡ್ತದಲೇ?"

ಹಣಮಂತ್ರಾಯ ಭಾವನ ಬಾಯಿ ನೋಡಿದ. ಎರಡು ಹಲ್ಲಿನ ಖಾಲಿ ಜಾಗದಲ್ಲಿ ಗಾಳಿ ಆಡುತ್ತಿತ್ತು. ಆಮೇಲೆ ಭಾವನ ಬೆರಳು ತೋರಿಸಿದ ಕಡೆ ನೋಡಿದ. ಹಿಂದಿನ ಗಾಲಿಯ ನಡುವೆ ಗ್ರೀಸು ಮೆತ್ತಿದ ಅಗಲವಾದ ಚಕ್ರ. ಅವನು ಸೈಕಲ್ಲನ್ನು ಬದುವಿಗೆ ಬಿಟ್ಟು ರಸ್ತೆಯ ಅಂಚಿಗೆ ಕೂತುಬಿಟ್ಟ. ಮೊದಲು ನಕ್ಕ, ಆಮೇಲೆ ಹೇಳಿದ. ಖಾಸೀಂಬಿ, ಕಿಸೆಯೊಳಗಿನ ದವಡೆ, ಎರಡು ಕೋಣೆಯ ಮನೆ, ಎಮ್ಮೆ. ಸುದ್ದಿ ಜೇವರ್ಗಿಗೂ ಮುಟ್ಟಿದೆ ಎಂಬುದನ್ನೂ ಹೇಳಿದ.

ದೌಲತರಾಯರು ಪೂರ್ತಿ ಕೇಳಿದರು. "ಅದಕ್ಕೇ ಖಡಕ್ ರೊಟ್ಟಿ," ಎಂದರು. ಪೆಡಲು ಹೊಂದಿಸಿಕೊಳ್ಳುತ್ತ, "ಕಡಗಂಚ್ಯಾಗ? ಅಲ್ಲಿ ಚಹಾನೂ ಸುಮಾರೇ ಅದಲ್ಲೋ!" ಎಂದರು.

"ನೀವು ನಡೀರಿ ಭಾವಾ. ನನ್ ಕೈಲೆ ಆಗಂಗಿಲ್ಲ. ನಾ ಬಸ್ಸಿನ ಟಪ್ಪಿನ ಮ್ಯಾಲ ಸೈಕಲ್ ಹಾಕ್ಕೊಂಡು ಬರ್ತೇನಿ."

ದೌಲತರಾಯರು ಸೈಕಲ್ ಹತ್ತಿದರು. ಭೀಮೆಯ ಸೇತುವೆಯ ಮೇಲೆ ಗಾಳಿ ಅಡ್ಡ ಹೊಡೆಯಿತು. ಲಾರಿಯವನೊಬ್ಬ ಹಾರ್ನ್ ಬಾರಿಸಿ ಬೈದು ಹೋದ. ಅವರು ಇಳಿಯಲಿಲ್ಲ.

ಅದೇ ಹೊತ್ತಿಗೆ ಜೇವರ್ಗಿಯಲ್ಲಿ ನಡೆದದ್ದನ್ನು ಕಸ್ತೂರಿಬಾಯಿ ಆಮೇಲೆ ತಂದೆಗೆ ಹೇಳಿದಳು. ಗಡಿಯಾರ ಒಂದು ಹೊಡೆದಿತ್ತು. ಮಂದಿ ಹಸಿದು ಕೂತಿದ್ದರು. ಹೋಳಿಗೆ ಆರುತ್ತಿತ್ತು. ಬಾಗಿಲಲ್ಲಿ ಒರೆಸಿ ಎಣ್ಣೆ ಹಾಕಿದ ಮೊಪೆಡ್ ನಿಂತಿತ್ತು, ಅದರ ಹ್ಯಾಂಡಲ್ಲಿಗೆ ಒಂದು ಹೂವಿನ ಮಾಲೆಯೂ ಬಿದ್ದಿತ್ತು. ಮಲ್ಲಣ್ಣನವರು ಬಾಗಿಲಾಚೆ ರಸ್ತೆಯನ್ನು ಒಮ್ಮೆ ನೋಡಿ, ಚಪ್ಪಾಳೆ ತಟ್ಟಿದರು.

"ಬೀಗರು ಬರೂವಂಗ ಕಾಣಸಂಗಿಲ್ಲ. ತಾಟು ಹಾಕ್ರಿ!"

"ಹೆಂಗ ಹಾಕ್ತೀರಿ ಬೀಗರ?" ಎಂದರು ಸುಭದ್ರಾಬಾಯಿ, ಸೆರಗು ಸರಿಮಾಡಿಕೊಳ್ಳುತ್ತ. "ಹುಡುಗಿಗಿ ಕುಬಸ ತೊಡಸ್ದೆ, ಆರತಿ ಮಾಡ್ದೆ ಊಟಕ್ಕ ಕೂಡ್ತಾರೇನ್ರಿ ನಿಮ್ಮ ಕಡಿ?"

"ಹಂಗಾದ್ರ ತೊಡಸ್ರಿ, ಯಾರ್ ಬ್ಯಾಡ ಅಂತಾರ?"

"ತೊಡಸ್ತೇನ್ರಿ. ಕುಬಸ ಸೈಕಲ್ ಮ್ಯಾಲ ಬರಾಕತ್ತದ."

ಹೆಂಗಸರ ಕಡೆಯಿಂದ ಮೊದಲು ಒಂದು ನಗು ಬಂತು, ಅದು ಮಲ್ಲಣ್ಣನವರ ಸ್ವಂತ ಹೆಂಡತಿಯದು. ಕಸ್ತೂರಿಬಾಯಿ ತಾಯಿಯ ಕಿವಿಯಲ್ಲಿ ಕೇಳಿದಳು: "ಅವ್ವಾ, ಊರ ಮಂದಿ ಏನೇನೋ ಅನ್ನಾಕತ್ತಾರ. ನೀ ಅಪ್ಪನ ಮ್ಯಾಲ ಸಿಟ್ಟಿಗಿಲ್ಲೇನು?"

"ಅದೀನಿ. ಅದು ಮನ್ಯಾಗ ನಾ ಕೇಳೂ ಮಾತು. ಬೀಗರ ಮುಂದ ನನ್ ಗಂಡ ಸೋಲಬಾರ್ದು."

ಒಂದೂಕಾಲಿಗೆ ದೌಲತರಾಯರು ಬಂದರು. ಮೈಯೆಲ್ಲ ಧೂಳು, ತಲೆಯ ಮೇಲೆ ಟೊಪ್ಪಿಗೆ ಇಲ್ಲ. ಕಾಲುಗಳು ನಿಂತ ಮೇಲೂ ತಾವೇ ತುಳಿಯುತ್ತಿರುವಂತೆ ನಡುಗುತ್ತಿದ್ದವು. ಓಣಿ ನೆರೆದಿತ್ತು. ಸೈಕಲ್ಲನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಅವರ ಬಾಯಿಯ ಮೇಲೆ.

"ಬರ್ರಿ ಬೀಗರ," ಎಂದರು ಮಲ್ಲಣ್ಣನವರು, ಸೋತ ಸಿಟ್ಟನ್ನು ಬೇರೆ ಕಡೆ ತಿರುಗಿಸುತ್ತ. "ಹೊಸಾ ಹಲ್ಲು ಬಂದಾವಂತ ಕೇಳೇವಿ. ನಮಗೂ ಒಂದಿಷ್ಟು ತೋರಸ್ರಿ."

ದೌಲತರಾಯರು ಬಾಯಿ ತೆರೆಯಲಿಲ್ಲ. ಕ್ಯಾರಿಯರಿನ ಗಂಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ನಂತರ ಅಂಗಳದ ನಡುವೆ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಕಿಸೆಯ ಟೊಪ್ಪಿಗೆಯಿಂದ ಹಿಂದಿನ ಚಕ್ರದ ಗ್ರೀಸು ಒರೆಸಿದರು. ಹೆಂಡತಿಯ ಕಡೆ ತಿರುಗಿ ಒಂದೇ ಮಾತು ಹೇಳಿದರು.

"ಎಣಸು."

ಸುಭದ್ರಾಬಾಯಿ ಚಕ್ರ ನೋಡಿದರು. ಗಂಡನ ಮುಖ ನೋಡಿದರು. ಮತ್ತೆ ಚಕ್ರ ನೋಡಿದರು. ದುಂಡಗಿನದನ್ನು ಎಣಿಸುವಾಗ ಎಲ್ಲಿಂದ ಸುರು ಮಾಡಿದೆವೆಂಬುದು ಮರೆಯುತ್ತದೆ. ಅವರು ಆರತಿಯ ತಟ್ಟೆಯಿಂದ ಕುಂಕುಮ ತೆಗೆದು ಒಂದು ಹಲ್ಲಿಗೆ ಹಚ್ಚಿದರು. ಅಲ್ಲಿಂದ ಬೆರಳಿಟ್ಟು ಎಲ್ಲರಿಗೂ ಕೇಳುವಂತೆ ಎಣಿಸತೊಡಗಿದರು. ಹತ್ತು ದಾಟುವಷ್ಟರಲ್ಲಿ ಹೆಂಗಸರೆಲ್ಲ ದನಿಗೂಡಿಸಿದ್ದರು. ಕುಂಕುಮದ ಹಲ್ಲು ಮರಳಿ ಬಂದಾಗ ಇಪ್ಪತ್ತೆರಡು ಮುಗಿದಿತ್ತು.

"ಇವಾ?" ಎಂದರು ಸುಭದ್ರಾಬಾಯಿ.

"ಇವೇ."

"ಕಡಗಂಚ್ಯಾಗ?"

"ಚಹಾ."

ಮಲ್ಲಣ್ಣನವರಿಗೆ ನಂಬಿಕೆ ಬರಲಿಲ್ಲ. ತಾವೇ ಕೂತು ಎಣಿಸಿದರು, ಇಪ್ಪತ್ತೊಂದು ಬಂತು. ಅವರ ಹೆಂಡತಿ ಎಣಿಸಿದರು, ಇಪ್ಪತ್ತೆರಡು ಬಂತು. ಗಡಿಯಾರ ಒಂದು ಹೊಡೆದ ಮೇಲೆ ಬಂದವರು ಗೆದ್ದಂತೆ ಹೇಗೆ ಎಂದು ಮಲ್ಲಣ್ಣನವರು ಕಡೆಯ ತಕರಾರು ತೆಗೆದಾಗ ನೆರೆದವರೇ ಉತ್ತರ ಕೊಟ್ಟರು: ಶರ್ತು ಗಡಿಯಾರದ್ದಲ್ಲ, ತಾಟಿನದು. ತಾಟು ಇನ್ನೂ ಗೋಡೆಗೆ ಒರಗಿಯೇ ಇದ್ದವು.

ಕಸ್ತೂರಿಬಾಯಿಗೆ ಹಸಿರು ಕುಬಸ ತೊಡಿಸಿದರು. ಅದರ ಒಂದು ಮಡಿಕೆಯಲ್ಲಿ ಜೇವರ್ಗಿ ದಾರಿಯ ಧೂಳು ಸೇರಿತ್ತು. ಸುಭದ್ರಾಬಾಯಿ ಅದನ್ನು ಕೊಡವಲಿಲ್ಲ. ಊಟಕ್ಕೆ ಕೂತಾಗ ದೌಲತರಾಯರನ್ನು ನಡುವೆ ಕೂಡಿಸಿದರು. "ಆಳಂದದಿಂದ ತುಳಕೋತ ಬಂದಾರ" ಎಂದು ಮಲ್ಲಣ್ಣನವರ ಹೆಂಡತಿ ಪಂಕ್ತಿಯ ಆ ತುದಿಗೂ ಈ ತುದಿಗೂ ಹೇಳುತ್ತ ಅವರಿಗೆ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ಮಲ್ಲಣ್ಣನವರು ಒಮ್ಮೆ "ಆ ನನ್ನ ಮೊ—" ಎಂದು ಸುರು ಮಾಡಿ, ಆ ಶಬ್ದವನ್ನು ತುಪ್ಪದೊಂದಿಗೆ ನುಂಗಿದರು. ಎರಡನೆಯ ಪಂಕ್ತಿ ಕೂಡುವ ಹೊತ್ತಿಗೆ ಬಸ್ಸಿನ ಮೇಲಿಂದ ಸೈಕಲ್ ಇಳಿಸಿಕೊಂಡು ಹಣಮಂತ್ರಾಯ ಬಂದ.

ಕೈತೊಳೆಯಲು ನೀರು ಹಾಕುವಾಗ ಸುಭದ್ರಾಬಾಯಿ ಗಂಡನ ಬಾಯಿಯನ್ನು ಹತ್ತಿರದಿಂದ ನೋಡಿದರು.

"ಸೈಕಲ್ಲಿನ ಬಾಯಾಗ ಎಲ್ಲಾ ಬರೋಬ್ಬರಿ ಅದಾವ," ಎಂದರು. "ಇಲ್ಲಿ ಎರಡು ಕಡಿಮಿ ಅದಾವ."

ಮರುದಿನ ಹೆಂಡತಿಯೂ ಹೆರಿಗೆಗೆ ತವರಿಗೆ ಬರುವ ಮಗಳೂ ಬಸ್ಸಿಗೆ ಹೊರಟರು, ದೌಲತರಾಯರು ಸೈಕಲ್ಲಿಗೆ. ಗಾಳಿ ಬೆನ್ನಿಗಿದ್ದರೂ ಇಪ್ಪತ್ತೆರಡು ಹಲ್ಲಿಗೆ ಅದರಿಂದ ಹೆಚ್ಚು ಲಾಭವಾಗಲಿಲ್ಲ. ಹೋಗುವಾಗ ಹಿಡಿದಷ್ಟೇ ಹೊತ್ತು ಬರುವಾಗಲೂ ಹಿಡಿಯಿತು. ಜೇವರ್ಗಿಗೆ ಅವರು ಬೀಗರ ದೂರ ಎಂದು ಹೆಸರಿಟ್ಟರು. ಮುಂದಿನ ವಾರ ಸುಭದ್ರಾಬಾಯಿ ಅವರನ್ನು ಗುಲಬರ್ಗಾಕ್ಕೆ ಕರೆದೊಯ್ದು ಎರಡು ಹಲ್ಲು ಕಟ್ಟಿಸಿಕೊಂಡು ಬಂದರು. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಬಂದರು.